ಅಡಿಕೆ ದ್ವೀಪದ ಹೊಗೆ

ಪೆನಾಂಗಿನಲ್ಲಿ ನಮ್ಮ ಮನೆ ಹದಿನಾಲ್ಕನೇ ಮಾಳಿಗೆಯಲ್ಲಿತ್ತು. ಬಾಲ್ಕನಿ ಮೂಡು ದಿಕ್ಕಿಗೆ. ಅಲ್ಲಿ ನಿಂತರೆ ಮೊದಲು ಕಾಣುವುದು ಜೆರೆಜಾಕ್ ಎಂಬ ಹಸಿರು ಕುದುರು. ಒಂದು ಕಾಲಕ್ಕೆ ಅಲ್ಲಿ ಕುಷ್ಠರೋಗಿಗಳನ್ನು ಇಡುತ್ತಿದ್ದರು, ಆಮೇಲೆ ಜೈಲು ಮಾಡಿದರು, ನಾವು ಹೋಗುವ ಹೊತ್ತಿಗೆ ಎರಡೂ ಇರಲಿಲ್ಲ. ಎಡಗಡೆಗೆ 1985ರಲ್ಲಿ ತೆರೆದ ಹದಿಮೂರೂವರೆ ಕಿಲೋಮೀಟರಿನ ಸೇತುವೆ. ನೀರಿನಾಚೆ ಮುಖ್ಯಭೂಮಿ. ಅದರ ಬೆನ್ನಿಗೆ, ನಮ್ಮಿಂದ ಇಪ್ಪತ್ತು ಕಿಲೋಮೀಟರ್ ದೂರದಲ್ಲಿ, ಬುಕಿಟ್ ಮೆರ್ತಾಜಮ್ ಗುಡ್ಡ.

ಈ ಮೂರನ್ನು ಇಟ್ಟುಕೊಂಡು ನಾನೊಂದು ಲೆಕ್ಕ ಮಾಡಿಕೊಂಡಿದ್ದೆ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಹೊರಗೆ ಬಂದಾಗ ಗುಡ್ಡ ಕಂಡರೆ ಆ ದಿನದ ಚಿಂತೆ ಇಲ್ಲ. ಗುಡ್ಡ ಹೋಗಿ ಸೇತುವೆ ಉಳಿದಿದ್ದರೆ ಬಟ್ಟೆ ಒಳಗೆ ಒಣಗಿಸುವುದು. ಸೇತುವೆಯೂ ಇಲ್ಲವೆಂದರೆ ಮಗನನ್ನು ಆಡಲು ಕೆಳಗೆ ಬಿಡುವುದಿಲ್ಲ. ಜೆರೆಜಾಕೂ ಕಾಣದಾದರೆ ಕಿಟಕಿಯ ಸಂದಿಗೆ ಒದ್ದೆ ಟವೆಲ್ ತುರುಕಿ, ಮಗನ ನೆಬ್ಯುಲೈಸರ್ ಹೊರಗೆ ತೆಗೆದಿಡುವುದು. ಸರ್ಕಾರ ಗಾಳಿಗೆ ಅಂಕಿ ಕೊಡುತ್ತಿತ್ತು, ಅದನ್ನೂ ನೋಡುತ್ತಿದ್ದೆ. ಆದರೆ ನಂಬಿದ್ದು ಗುಡ್ಡವನ್ನು.

2012ರಲ್ಲಿ ಇವರಿಗೆ ಬಯಾನ್ ಲೆಪಾಸಿನ ಒಂದು ಚಿಪ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ನಾವು ಅಲ್ಲಿಗೆ ಹೋದದ್ದು. ನಾನು ಹುಟ್ಟಿ ಬೆಳೆದದ್ದು ಕುಂದಾಪುರದ ಹತ್ತಿರದ ಹಳ್ಳಿ. ಕಡಲ ಊರಿನಿಂದ ಇನ್ನೊಂದು ಕಡಲ ಊರಿಗೆ ಹೋಗುವುದರಲ್ಲಿ ದೊಡ್ಡದೇನಿದೆ ಅಂದುಕೊಂಡಿದ್ದೆ. ಅದೇ ಬೆವರು, ಅದೇ ತೆಂಗು, ಅದೇ ಮೀನಿನ ಮಾರುಕಟ್ಟೆ. ಊರಿನ ಹೆಸರಿಗೂ ನಮ್ಮ ನಂಟೇ: ಮಲಯ ಭಾಷೆಯಲ್ಲಿ ಪಿನಾಂಗ್ ಎಂದರೆ ಅಡಿಕೆ. ಪುಲಾವ್ ಪಿನಾಂಗ್, ಅಡಿಕೆ ದ್ವೀಪ. ಅವರ ರಾಜ್ಯದ ಬಾವುಟದ ಮೇಲೂ ಒಂದು ಅಡಿಕೆ ಮರ ನಿಂತಿದೆ. ಬಾವುಟದಲ್ಲಿ ಕಂಡಷ್ಟು ಸುಲಭವಾಗಿ ಊರೊಳಗೆ ಅದು ಕಾಣಸಿಗದು, ಆ ಮಾತು ಬೇರೆ.

ಬೇರೆಯಾಗಿದ್ದದ್ದು ಕಾಲ. ನಮ್ಮಲ್ಲಿ ಮಳೆಗಾಲ ಎಂದರೆ ಬಾಗಿಲು ಬಡಿದು ಬರುವ ನೆಂಟ. ಜೂನ್ ಮೊದಲ ವಾರಕ್ಕೆ ಬಂದು ಕೂತರೆ ಸೆಪ್ಟೆಂಬರಿನವರೆಗೆ ಏಳುವುದಿಲ್ಲ. ಪೆನಾಂಗಿನಲ್ಲಿ ವರ್ಷವಿಡೀ ಮಳೆ ಇಣುಕುತ್ತದೆ, ಹೆಚ್ಚಾಗಿ ಮಧ್ಯಾಹ್ನದ ಮೇಲೆ, ಒಂದು ತಾಸು ಸುರಿದು ಹೋಗುತ್ತದೆ. ಜನವರಿ, ಫೆಬ್ರವರಿಯಲ್ಲಿ ಒಣಗುತ್ತದೆ, ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಜೋರಾಗುತ್ತದೆ. ನಮ್ಮ ಮನೆಯಲ್ಲಿ ಜಡಿಮಳೆ ಹೊಡೆಯುವ ಜೂನ್, ಜುಲೈಗಳಲ್ಲಿ ಅಲ್ಲಿ ಹಗಲು ಸುಡುತ್ತಿತ್ತು. ನೈಋತ್ಯ ಮಾರುತ ಅಲ್ಲಿಯೂ ಬೀಸುತ್ತದೆ. ಆದರೆ ಅದಕ್ಕೂ ಪೆನಾಂಗಿಗೂ ನಡುವೆ ಸುಮಾತ್ರ ಮಲಗಿದೆ, ಅದರ ಉದ್ದಕ್ಕೂ ಬಾರಿಸಾನ್ ಪರ್ವತದ ಸಾಲು. ಮಳೆಯನ್ನೆಲ್ಲ ಸುಮಾತ್ರದ ಪಡುಮಗ್ಗುಲು ಹಿಂಡಿಕೊಳ್ಳುತ್ತದೆ. ಘಟ್ಟದ ಕೆಳಗೆ 4000 ಮಿಲಿಮೀಟರ್ ಸುರಿಸಿ ಘಟ್ಟದ ಮೇಲೆ ಬಯಲುಸೀಮೆಗೆ ಹೋಗುವಷ್ಟರಲ್ಲಿ ಮೋಡ ಬರಿಗೈಯಾಗುವುದಿಲ್ಲವೇ, ಹಾಗೆ. ನಾನು ಘಟ್ಟದ ಕೆಳಗಿನವಳು, ಮಳೆನೆರಳಿನಲ್ಲಿ ಬದುಕಿದ್ದು ಅದೇ ಮೊದಲು.

'ಜೆರೆಬು' ಎಂಬ ಮಾತನ್ನು ಕಲಿಸಿದ್ದು ಎದುರು ಮನೆಯ ಆಂಟಿ. ಹೊಕ್ಕಿಯನ್ ಮಾತಾಡುವ ಚೀನೀ ಮುದುಕಿ. 2013ರ ಜೂನಿನಲ್ಲಿ ಅವರ ಮನೆಯ ಟೀವಿಯಲ್ಲಿ ಸಿಂಗಪುರ ತೋರಿಸುತ್ತಿದ್ದರು, ಎತ್ತರದ ಕಟ್ಟಡಗಳೆಲ್ಲ ಸೊಂಟದವರೆಗೆ ಮಾತ್ರ. ಅಲ್ಲಿಯ ಸೂಚ್ಯಂಕ 400 ದಾಟಿತ್ತು. ಎರಡು ದಿನ ಬಿಟ್ಟು ಮಲೇಷ್ಯಾದ ದಕ್ಷಿಣ ಭಾಗದ ಮುಆರ್‌ನಲ್ಲಿ 746 ಆಗಿ ತುರ್ತುಸ್ಥಿತಿ ಸಾರಿದರು. ಪೆನಾಂಗ್ ಉತ್ತರದಲ್ಲಿದೆ, ಆ ಸಲ ನಮಗೆ ಹೆಚ್ಚೇನೂ ತಟ್ಟಲಿಲ್ಲ. 'ಇದು ಏನೂ ಅಲ್ಲ, 1997 ನೋಡಬೇಕಿತ್ತು' ಎಂದರು ಆಂಟಿ. ಆ ವರ್ಷ ಬೋರ್ನಿಯೊದ ಸಾರವಾಕ್‌ನಲ್ಲಿ ಸೂಚ್ಯಂಕ 800ರ ಮೇಲೆ ಹೋಗಿತ್ತು. ಮಂಜು, ಇಬ್ಬನಿ, ಮಬ್ಬು, ಕಾವಳ ಎಂದು ನಮ್ಮಲ್ಲಿ ಎಷ್ಟೋ ಮಾತುಗಳಿವೆ. ಯಾವುದರಲ್ಲೂ ಹೊಗೆಯಿಲ್ಲ. ಜೆರೆಬು ಎಂದರೆ ಮಂಜಿನ ವೇಷ ಹಾಕಿದ ಹೊಗೆ.

ವೇಷ ಕಳಚಿ ನೋಡಿದ್ದು 2015ರಲ್ಲಿ. ಆ ವರ್ಷವೇ ಅಪ್ಪಯ್ಯ ಬಂದದ್ದು.

ಅಮ್ಮ ಹೋಗಿ ವರ್ಷವಾಗಿತ್ತು. ಅಪ್ಪಯ್ಯ ಒಬ್ಬರೇ ತೋಟ ಕಾಯುತ್ತ ಕೂತಿದ್ದರು. ಕೊಳೆರೋಗಕ್ಕೆ ಮದ್ದು ಬಿಡುವ ಕೆಲಸ ಮುಗಿದ ಮೇಲೆ, ಕೊಯ್ಲು ಶುರುವಾಗುವ ಮೊದಲು, ನಡುವೆ ಏಳು ವಾರ ಬಿಡುವು ಸಿಗುತ್ತದೆ ಎಂದು ಲೆಕ್ಕ ಹಾಕಿ ಹೊರಡಿಸಿದೆವು. ಉತ್ತರೆ ಮಳೆಯ ಹೊತ್ತು, ಸೆಪ್ಟೆಂಬರ್ ನಡುವೆ ಬಂದಿಳಿದರು. ಬರಲು ಒಪ್ಪಿದ್ದಕ್ಕೆ ಅವರು ಕೊಟ್ಟ ಕಾರಣ ಒಂದೇ. ನಿಮ್ಮ ಬಾಲ್ಕನಿಯೆದುರು ಮೂಡಕ್ಕೆ ಕಡಲಿದೆ ಅಂದಿಯಲ್ಲ, ಸೂರ್ಯ ಕಡಲಿಂದ ಏಳುವುದನ್ನು ಒಮ್ಮೆ ನೋಡಬೇಕು. ಎಪ್ಪತ್ತೊಂದು ವರ್ಷ ಅವರು ಸೂರ್ಯ ಗುಡ್ಡದ ಮೇಲೆ ಹುಟ್ಟಿ ಕಡಲಿಗೆ ಬೀಳುವುದನ್ನೇ ನೋಡಿದವರು.

ಮರುದಿನ ಐದೂವರೆಗೇ ಎದ್ದು ಬಾಲ್ಕನಿಯಲ್ಲಿ ಕುರ್ಚಿ ಹಾಕಿ ಕೂತರು. ಅಲ್ಲಿ ಗಡಿಯಾರಕ್ಕಿಂತ ಸೂರ್ಯ ಹಿಂದೆ, ಬೆಳಕಾಗುವುದೇ ಏಳರ ಹೊತ್ತಿಗೆ. ಏಳಾಯಿತು, ಏಳೂವರೆಯಾಯಿತು. ಸೂರ್ಯ ಬರಲಿಲ್ಲ, ಬೆಳಕು ಮಾತ್ರ ಎಲ್ಲ ಕಡೆಯಿಂದ ಒಂದೇ ಸಮ ಬಂತು, ಟ್ಯೂಬ್‌ಲೈಟ್ ಹಾಕಿದ ಹಾಗೆ. ನಾನು ಕಾಫಿ ತಂದುಕೊಟ್ಟು, 'ಮಂಜು ಅಪ್ಪಯ್ಯ, ನಾಳೆ ಕಾಣಬಹುದು' ಎಂದೆ. ಅವರು ಮೂಗು ಎತ್ತಿ ಎರಡು ಸಲ ಉಸಿರೆಳೆದುಕೊಂಡರು.

'ಮಂಜಲ್ಲ ಹೆಣೆ, ಹೊಗಿ. ಎಲ್ಲೋ ಸುಡ್ಮಣ್ಣ್ ಹಾಕಿರ್ ಕಾಂತ್.'

ಸುಡುಮಣ್ಣು ಹಾಕುವುದನ್ನು ಕರಾವಳಿಯವರಿಗೆ ಹೇಳಿಕೊಡಬೇಕಿಲ್ಲ. ತರಗೆಲೆ, ಒಣಸೊಪ್ಪು, ಸೆಗಣಿ, ಕಸಕಡ್ಡಿ ಒಟ್ಟಿ, ಮೇಲೆ ಮಣ್ಣು ಮುಚ್ಚಿ, ಅಡಿಗೆ ಕಿಚ್ಚಿಡುವುದು. ಉರಿ ಕಾಣಬಾರದು, ಕಂಡರೆ ಮಣ್ಣು ಸುಡದೆ ಸೊಪ್ಪೆಲ್ಲ ಬೂದಿಯಾಯಿತೆಂದೇ ಅರ್ಥ. ಒಳಗೊಳಗೇ ನಾಲ್ಕಾರು ದಿನ ಬೇಯಬೇಕು. ಬಸಳೆ ಬುಡಕ್ಕೆ, ಮಲ್ಲಿಗೆ ಬುಡಕ್ಕೆ ಅದಕ್ಕಿಂತ ಒಳ್ಳೆ ಗೊಬ್ಬರ ಇಲ್ಲ. ಚಳಿಗಾಲದ ಸಂಜೆ ನಮ್ಮ ಊರಿನ ಮೇಲೆ ಸೊಂಟದೆತ್ತರಕ್ಕೆ ನಿಲ್ಲುವ ಆ ಹೊಗೆಯ ವಾಸನೆ ನನಗೆ ಅಮ್ಮನ ಸೆರಗಿನ ವಾಸನೆಯಷ್ಟೇ ಗೊತ್ತು. ಆದರೂ ಗುರುತು ಹಿಡಿಯಲಾರದೆ ಹೋಗಿದ್ದೆ. ಅಪ್ಪಯ್ಯ ಹಿಡಿದರು.

ಅವರು ಹೇಳಿದ್ದು ಎಷ್ಟು ಸರಿ ಎಂಬುದು ಆ ರಾತ್ರಿ ಇವರು ಕ್ಯಾಲೆಂಡರಿನ ಹಿಂದೆ ಪೆನ್ನಿನಿಂದ ಗೀಚಿ ತೋರಿಸಿದಾಗ ತಿಳಿಯಿತು. ಸುಮಾತ್ರದ ಮೂಡು ಕರೆಯುದ್ದಕ್ಕೂ, ರಿಯಾವ್, ಜಂಬಿ, ದಕ್ಷಿಣ ಸುಮಾತ್ರ ಎಂಬ ಪ್ರಾಂತ್ಯಗಳಲ್ಲಿ, ಪೀಟ್ ನೆಲ. ಸಾವಿರಾರು ವರ್ಷ ಜೌಗಿನಲ್ಲಿ ಬಿದ್ದ ಮರ, ಬೇರು, ಎಲೆ ಪೂರ್ತಿ ಕೊಳೆಯದೆ ಪದರ ಪದರವಾಗಿ ಕೂತ ಮಣ್ಣು ಅದು. ಕೆಲವು ಕಡೆ ಹತ್ತು ಮೀಟರಿಗೂ ಹೆಚ್ಚು ಆಳ. ನೀರಿನಲ್ಲಿ ನೆನೆದಿರುವವರೆಗೆ ಅದಕ್ಕೆ ಬೆಂಕಿ ಹತ್ತುವುದಿಲ್ಲ. ಎಣ್ಣೆತಾಳೆ ನೆಡಲಿಕ್ಕೆಂದು, ಕಾಗದದ ಕಾರ್ಖಾನೆಗೆ ಅಕೇಶಿಯಾ ಬೆಳೆಸಲಿಕ್ಕೆಂದು ಕಾಲುವೆ ಕಡಿದು ನೀರು ಹರಿಯಬಿಟ್ಟರು. ಒಣಗಿದ ಮೇಲೆ ನೆಲವೇ ಸೌದೆ. ಕಾಡು ಸವರಲು ಬೆಂಕಿಗಿಂತ ಅಗ್ಗದ ಆಳು ಇಲ್ಲ. ಮೇಲಿನ ಬೆಂಕಿ ಆರಿದರೂ ಅಡಿಯಲ್ಲಿ ವಾರಗಟ್ಟಲೆ ಬೇಯುತ್ತಲೇ ಇರುತ್ತದೆ. ಉರಿ ಕಡಿಮೆ, ಹಾಗಾಗಿಯೇ ಹೊಗೆ ಹೆಚ್ಚು. ಜಿಲ್ಲೆಗಟ್ಟಲೆ ಅಗಲದ ಒಂದು ಸುಡುಮಣ್ಣು.

ಬೋರ್ನಿಯೊದ ಕತೆ ಇನ್ನೂ ವಿಚಿತ್ರ. 1996ರ ಸುಮಾರಿಗೆ ಸುಹಾರ್ತೊ ಸರ್ಕಾರ ಮಧ್ಯ ಕಾಲಿಮಾಂತನಿನ ಹತ್ತು ಲಕ್ಷ ಹೆಕ್ಟೇರ್ ಜೌಗನ್ನು ಗದ್ದೆ ಮಾಡುತ್ತೇವೆಂದು ಕಾಲುವೆಗಳನ್ನು ತೋಡಿಸಿತು. ಭತ್ತ ಬೆಳೆಯಲಿಲ್ಲ. ಮರುವರ್ಷದಿಂದಲೇ ಬೆಂಕಿ ಬೆಳೆಯಿತು.

ಅಪ್ಪಯ್ಯನಿಗೆ ಹಿಡಿಸಿದ್ದು ಗಾಳಿಯ ಚಿತ್ರ. ಭೂಮಧ್ಯರೇಖೆಯ ತೆಂಕಣದಿಂದ ಆಗ್ನೇಯದ ಗಾಳಿ ಹೊರಟು ಬರುತ್ತದೆ, ರೇಖೆ ದಾಟಿದ್ದೇ ಬಲಕ್ಕೆ ಹೊರಳಿ ನೈಋತ್ಯದ ಗಾಳಿಯಾಗುತ್ತದೆ. ನಮ್ಮ ಊರಿಗೆ ಮಳೆ ತರುವುದೂ ಇದೇ ತಿರುಗಾಟ, ಅರಬ್ಬೀ ಕಡಲಿನ ಮೇಲೆ. ಇಲ್ಲಿ ತೆಂಕಣ ಸುಮಾತ್ರದ ಹೊಗೆಯನ್ನು ಎತ್ತಿಕೊಂಡು ಮಲಕ್ಕಾ ಜಲಸಂಧಿಯ ಗುಂಟ ಬಡಗಲಿಗೆ ತಂದು ನಮ್ಮ ಬಾಲ್ಕನಿಗೆ ಸುರಿಯುತ್ತದೆ. ಬೇರೆ ವರ್ಷ ನಡುನಡುವೆ ಮಳೆ ಬಂದು ಬೆಂಕಿ ಹತೋಟಿಯಲ್ಲಿರುತ್ತಿತ್ತು. 2015ರಲ್ಲಿ ಎಲ್ ನಿನೊ ಬಲವಾಗಿತ್ತು, ಮಳೆ ಕೈಕೊಟ್ಟಿತು. 'ಅದೇ ಗಾಳಿಯಾ ಹಂಗಾರೆ?' ಎಂದು ಅಪ್ಪಯ್ಯ ಎರಡು ಸಲ ಕೇಳಿದರು. ಆ ಕ್ಯಾಲೆಂಡರ್ ಹಾಳೆಯನ್ನು ಮಡಚಿ ತಮ್ಮ ಪಂಚಾಂಗದೊಳಗೆ ಇಟ್ಟುಕೊಂಡರು. ಊರಿಗೆ ಹೋಗಿ ಯಾರಿಗೆ ತೋರಿಸುವವರಿದ್ದರೋ.

ಇನ್ನೊಂದು ಮಾತಿಗೆ ಸುಮ್ಮನಾದರು. ಎಣ್ಣೆತಾಳೆ ಎಂದಾಗ 'ಎಣ್ಣಿಗಾ?' ಎಂದಿದ್ದರು. ಆ ಹೊತ್ತಿಗೆ ನಾನು ಅಡಿಗೆಮನೆಯಲ್ಲಿ ಅವರಿಗೆಂದೇ ಬನ್ಸ್ ಕರಿಯುತ್ತಿದ್ದೆ. ಬಾಣಲೆಯಲ್ಲಿದ್ದುದು ಅದೇ ಎಣ್ಣೆ. ಮಲೇಷ್ಯಾದ ಅಂಗಡಿಯಲ್ಲಿ ಅಡಿಗೆ ಎಣ್ಣೆ ಎಂದು ಕೇಳಿದರೆ ಕೊಡುವುದು ತಾಳೆಯದೇ. ನಮ್ಮ ಮನೆಗಾದರೂ ಅದು ಹೊಸದೇ? ನಾನು ಶಾಲೆಗೆ ಹೋಗುವಾಗ ಸೊಸೈಟಿಯಿಂದ ಸೀಮೆಎಣ್ಣೆ, ಸಕ್ಕರೆಯ ಜೊತೆ ಪಾಮೋಲಿನ್ ತರುತ್ತಿದ್ದೆವು. ಚಳಿಗೆ ಗಟ್ಟಿಯಾಗುತ್ತದೆ, ವಾಸನೆ ಎಂದು ಅಮ್ಮ ಬೈಯುತ್ತಲೇ ಹಪ್ಪಳ ಕರಿಯುತ್ತಿದ್ದಳು. ಲೋಕದಲ್ಲಿ ತಾಳೆ ಎಣ್ಣೆಯನ್ನು ಅತಿ ಹೆಚ್ಚು ಆಮದು ಮಾಡಿಕೊಳ್ಳುವ ದೇಶ ನಮ್ಮದೇ. ಅಪ್ಪಯ್ಯ ಬನ್ಸ್ ತಿಂದರು, ಎರಡು ಹೆಚ್ಚೇ ತಿಂದರು. ಎಣ್ಣೆಯ ಸುದ್ದಿ ಮತ್ತೆ ಎತ್ತಲಿಲ್ಲ.

ಅಕ್ಟೋಬರ್ ಹೊತ್ತಿಗೆ ಜೆರೆಜಾಕೂ ಹೋಯಿತು. ಕೆಲವು ಮಧ್ಯಾಹ್ನ ಹೊಗೆ ತೆಳುವಾಗಿ ಸೇತುವೆಯ ಕಂಬಗಳು ನೀರಿನಿಂದೆದ್ದು ಬಿಳುಪಿನಲ್ಲಿ ಕರಗುವುದು ಕಾಣುತ್ತಿತ್ತು, ಅಷ್ಟೆ. ಹಲವು ರಾಜ್ಯಗಳಲ್ಲಿ ಶಾಲೆ ಮುಚ್ಚಿದರು. ಕ್ವಾಲಾಲಂಪುರದ ಮ್ಯಾರಥಾನ್ ರದ್ದಾಯಿತು. ಔಷಧದಂಗಡಿಯಲ್ಲಿ ಎನ್-95 ಮುಖಗವಸು ಮುಗಿದು, ತೆಳ್ಳನೆಯ ನೀಲಿ ಗವಸು ಮಾತ್ರ ಉಳಿಯಿತು. ಅದನ್ನು ಹಾಕಿಕೊಂಡವರು ಗವಸಿನ ಮೇಲೆಯೇ ಕೆಮ್ಮುತ್ತಿದ್ದರು. ಒಂಬತ್ತು ಗಂಟೆಯ ಸೂರ್ಯನನ್ನು ಕಣ್ಣು ಮಿಟುಕಿಸದೆ ನೋಡಬಹುದಿತ್ತು, ಹಣ್ಣಡಿಕೆಯ ಬಣ್ಣ. ಅದು ಕಡಲಿನಿಂದ ಬಂತೋ ಎಲ್ಲಿಂದ ಬಂತೋ, ಆಗಲೇ ನೆತ್ತಿಯ ಕಡೆಗೆ ಸಾಕಷ್ಟು ಹತ್ತಿರುತ್ತಿತ್ತು.

ಮಲೇಷ್ಯಾದ ಸೂಚ್ಯಂಕಕ್ಕೆ ಐಪಿಯು ಎನ್ನುತ್ತಾರೆ. 50ರವರೆಗೆ ಒಳ್ಳೆಯದು, 100ರವರೆಗೆ ಪರವಾಗಿಲ್ಲ, 200ರವರೆಗೆ ಆರೋಗ್ಯಕ್ಕೆ ಕೆಟ್ಟದ್ದು, 300 ದಾಟಿದರೆ ಅಪಾಯ. ಒಂದು ಕಾಲಕ್ಕೆ ಈ ಅಂಕಿಯನ್ನೇ ಜನರಿಗೆ ತಿಳಿಸುತ್ತಿರಲಿಲ್ಲ, ಪ್ರವಾಸಿಗರು ಹೆದರಿ ಬಾರದಿದ್ದಾರೆಂದು. 2005ರ ಆಗಸ್ಟಿನಲ್ಲಿ ಹೊಗೆ ಕಟ್ಟಿ ಪೋರ್ಟ್ ಕ್ಲಾಂಗಿನಲ್ಲಿ 500 ದಾಟಿದ ಮೇಲೆ ಬಹಿರಂಗ ಮಾಡಿದರು. ನಾವಿದ್ದಾಗ ಫೋನಿನಲ್ಲೇ ಸಿಗುತ್ತಿತ್ತು. ತೊಡಕೆಂದರೆ ಅದು ಇಪ್ಪತ್ನಾಲ್ಕು ತಾಸಿನ ಸರಾಸರಿ. ಎದುರಿನ ಕಟ್ಟಡವೇ ಕಾಣದ ಬೆಳಿಗ್ಗೆ ಫೋನು 90 ಎನ್ನುತ್ತಿತ್ತು, ನಿನ್ನೆಯ ಒಳ್ಳೆ ಗಾಳಿಯನ್ನೂ ಕೂಡಿಸಿಕೊಂಡು. ಮೇಲಾಗಿ ಆಗ ಎಣಿಸುತ್ತಿದ್ದದ್ದು ಹತ್ತು ಮೈಕ್ರಾನಿನ ಧೂಳು. ಹೊಗೆಯಲ್ಲಿ ಹೆಚ್ಚಿರುವ, ಪುಪ್ಪುಸದ ತಳಕ್ಕೆ ಇಳಿಯುವ ಎರಡೂವರೆ ಮೈಕ್ರಾನಿನ ಕಣಗಳನ್ನು ಆ ಲೆಕ್ಕಕ್ಕೆ ಸೇರಿಸಿದ್ದು 2018ರಲ್ಲಿ. ನನ್ನ ಗುಡ್ಡ ಇದನ್ನೆಲ್ಲ ಮೊದಲೇ ಸೇರಿಸಿಕೊಂಡಿತ್ತು.

ಮಗನಿಗೆ ಐದು ವರ್ಷ. ಹಸ್ತ ಮಳೆಯ ಕೊನೆಯ ದಿನಗಳ ಒಂದು ರಾತ್ರಿ ಅವನ ಎದೆ ಸಿಳ್ಳೆ ಹೊಡೆಯತೊಡಗಿತು. ನೆಬ್ಯುಲೈಸರ್ ಹಚ್ಚಿ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ಅಪ್ಪಯ್ಯ ಎದುರು ಕೂತು, ಉಸಿರೆಳೆಯಲು ಹೇಳಿಕೊಡುವವರಂತೆ ತಾವೂ ನಿಧಾನ ಉಸಿರೆಳೆದುಕೊಳ್ಳುತ್ತಿದ್ದರು. 'ಅಜ್ಜಯ್ಯ, ನೀವೂ ಹೊಗೆ ಬಿಡಿ' ಎಂದ ಅವನು, ಬಾಯಿಗವಸಿನಿಂದ ಬರುವ ಬಿಳಿ ಆವಿ ತೋರಿಸಿ. ಮೂವತ್ತು ವರ್ಷದ ಬೀಡಿ ಚಟವನ್ನು ಅಪ್ಪಯ್ಯ ಎಂದೋ ಬಿಟ್ಟಿದ್ದರು. ಅವರ ಮುಖ ನೋಡಲಾಗಲಿಲ್ಲ ನನಗೆ.

ನನಗೆ ಸಿಟ್ಟು ಬರುತ್ತಿತ್ತು. ಸಿಟ್ಟು ಯಾರ ಮೇಲೆಂದು ಗೊತ್ತಾಗದೆ ಮೊದಲು ಸಿಕ್ಕಿದ್ದು ಎದುರು ಮನೆಯ ಆಂಟಿ. ಚೀನಿಯರ ಏಳನೇ ತಿಂಗಳಲ್ಲಿ ಹಸಿದ ಪಿತೃಗಳು ನೆಲಕ್ಕೆ ಬರುತ್ತಾರಂತೆ. ಅವರಿಗೆಂದು ಕಾಗದದ ನೋಟು, ಕಾಗದದ ಅಂಗಿ, ಕಾಗದದ ಕಾರು ಸುಡುತ್ತಾರೆ. ಜಾರ್ಜ್ ಟೌನಿನ ಬೀದಿಗಳಲ್ಲಂತೂ ಆಳೆತ್ತರದ ಊದುಬತ್ತಿ. ಆ ತಿಂಗಳು ಮುಗಿದಿದ್ದರೂ ಆಂಟಿ ತಮ್ಮ ಬಾಗಿಲ ಬದಿಯ ಕೆಂಪು ಗೂಡಿಗೆ ದಿನಾ ಮೂರು ಊದುಬತ್ತಿ ಹಚ್ಚುತ್ತಿದ್ದರು. ನಾನು ಒಂದು ದಿನ ಬಾಗಿಲು ತೆರೆದು ಮಗನ ಎದೆಯ ಮಾತು ಹೇಳಿದೆ. ಅವರು ಏನೂ ಹೇಳದೆ ಒಳಗೆ ಹೋದರು. ಮರುದಿನದಿಂದ ಊದುಬತ್ತಿ ಇಲ್ಲ, ಒಂದು ಕಿತ್ತಳೆ ಮಾತ್ರ ಇಟ್ಟಿದ್ದರು. 26 ಲಕ್ಷ ಹೆಕ್ಟೇರ್ ಸುಟ್ಟುಹೋದ ಆ ವರ್ಷ ನಾನು ಆರಿಸಿದ್ದು ಮೂರು ಊದುಬತ್ತಿ. ಇವತ್ತಿಗೂ ಅದು ನೆನಪಾದರೆ ನಾಚಿಕೆಯಾಗುತ್ತದೆ.

ದೊಡ್ಡವರ ಜಗಳ ಬೇರೆ ನಡೆದಿತ್ತು. ಹೊಗೆ ತಡೆಯುವ ಒಪ್ಪಂದಕ್ಕೆ ಆಸಿಯಾನ್ ದೇಶಗಳು 2002ರಲ್ಲೇ ಸಹಿ ಹಾಕಿದ್ದವು. ಇಂಡೋನೇಷ್ಯಾ ಅದನ್ನು ಅನುಮೋದಿಸಿದ್ದು 2014ರಲ್ಲಿ. ಬೆಂಕಿ ಬಿದ್ದ ತೋಟಗಳಲ್ಲಿ ಮಲೇಷ್ಯಾ, ಸಿಂಗಪುರದವರ ಹಣವೂ ಇತ್ತು, ಹಾಗಾಗಿ ಬೆರಳು ಎಲ್ಲ ಕಡೆಗೂ ತಿರುಗುತ್ತಿತ್ತು. ಇಂಡೋನೇಷ್ಯಾದ ಆಗಿನ ಉಪಾಧ್ಯಕ್ಷ ಯೂಸುಫ್ ಕಲ್ಲಾ ಆ ವರ್ಷವೇ ಒಂದು ಮಾತು ಹೇಳಿದ್ದರು: ಹನ್ನೊಂದು ತಿಂಗಳು ನಮ್ಮ ಕಾಡಿನ ಒಳ್ಳೆ ಗಾಳಿ ಕುಡಿಯುವ ನೆರೆಯವರು ಒಮ್ಮೆಯಾದರೂ ಉಪಕಾರ ನೆನೆದರೇ, ಒಂದು ತಿಂಗಳ ಹೊಗೆಗೆ ಮಾತ್ರ ಗಲಾಟೆ, ಎಂಬ ಅರ್ಥದ್ದು. ನಾನದನ್ನು ಕೆಂಡವಾಗಿಯೇ ಅಪ್ಪಯ್ಯನಿಗೆ ಓದಿ ಹೇಳಿದೆ. ಅವರು ನಕ್ಕುಬಿಟ್ಟರು. ನಮ್ಮ ತೋಟದ ಬೇಲಿಯಾಚೆಯವರೊಡನೆ ನೀರಿನ ತಕರಾರು ನಲವತ್ತು ವರ್ಷದ್ದು. ಕಲ್ಲಾ ಮಾತಿನ ಧಾಟಿ ಅವರಿಗೆ ಗುರುತಿನದಾಗಿ ಕೇಳಿರಬೇಕು.

ಚಿತ್ತಾ ಮಳೆಯೂ ಒಣಗಿಯೇ ಹೋಯಿತು. ಅಪ್ಪಯ್ಯ ದಿನಾ ಪಂಚಾಂಗ ತೆರೆಯುವುದು, ದಿನಾ ಐದೂವರೆಗೆ ಕುರ್ಚಿ ಹಾಕುವುದು ಬಿಡಲಿಲ್ಲ. ಬಾಯಿಗೆ ಒದ್ದೆ ಬೈರಾಸು ಕಟ್ಟಿಕೊಂಡು ಕೂರುತ್ತಿದ್ದರು. ಹೊರಡಲು ಹತ್ತು ದಿನವಿರಲಿಲ್ಲ.

ಸ್ವಾತಿ ಹಿಡಿದ ಎರಡನೆಯದೋ ಮೂರನೆಯದೋ ರಾತ್ರಿ, ನಾಲ್ಕು ಗಂಟೆಗೆ, ಬಾಲ್ಕನಿಯ ಪ್ಲಾಸ್ಟಿಕ್ ಕುರ್ಚಿ ಉರುಳಿಬಿದ್ದ ಸದ್ದಿಗೆ ಎಚ್ಚರವಾಯಿತು. ಗಾಳಿ. ಆಮೇಲೆ ಮಳೆ, ಕಟ್ಟಡದ ಮೈಗೆ ಅಡ್ಡಡ್ಡ ಎರಚುವ ಮಳೆ. ಆ ಕಡಲಿನ ಹಳೆಯ ನಾವಿಕರು ಇದಕ್ಕೆ ಹೆಸರಿಟ್ಟಿದ್ದರು: 'ಸುಮಾತ್ರ'. ರಾತ್ರಿ ಜಲಸಂಧಿಯ ಆ ಬದಿಯಲ್ಲಿ ಮೋಡ ಕಟ್ಟಿ, ಸಾಲುಗಟ್ಟಿ ಮೂಡಕ್ಕೆ ನುಗ್ಗಿ, ಬೆಳಗಾಗುವ ಮೊದಲು ಹೊಡೆದು ಹೋಗುವ ಬಿರುಗಾಳಿ. ಹೊಗೆ ಕಳಿಸಿದ ದಿಕ್ಕಿನಿಂದಲೇ ತೊಳೆಯುವವನೂ ಬಂದ. ಹಾಲಿಗೆ ಬಂದರೆ ಅಪ್ಪಯ್ಯ ಕತ್ತಲಲ್ಲಿ ಬಾಲ್ಕನಿಯ ಗಾಜಿನ ಬಾಗಿಲು ಪೂರ್ತಿ ಸರಿಸಿ ನಿಂತಿದ್ದರು. ಪಂಚೆ ಒದ್ದೆ, ನೆಲವೆಲ್ಲ ನೀರು. 'ಒಳಗೆ ಬನ್ನಿ ಅಪ್ಪಯ್ಯ, ಶೀತವಾಗುತ್ತದೆ' ಎಂದೆ. ಅವರು ಬರಲಿಲ್ಲ, ನನ್ನನ್ನೇ ಹೊರಗೆ ಕರೆದರು. ಒದ್ದೆ ಮಣ್ಣಿನ, ಆರಿದ ಒಲೆಯ ವಾಸನೆ ಬರುತ್ತಿತ್ತು.

ಆರೂಮುಕ್ಕಾಲಿಗೆ ಮಳೆ ನಿಂತಿತು. ನಾನು ಕಂಬಿ ಒರೆಸುತ್ತಿದ್ದೆ, ಬಟ್ಟೆಗೆ ಮಸಿ ಹತ್ತುತ್ತಿತ್ತು. ಮಗ ಎದ್ದು ಬಂದು ಅಜ್ಜಯ್ಯನ ತೊಡೆ ಹತ್ತಿದ. ಮೊದಲು ಜೆರೆಜಾಕ್ ಕಂಡಿತು, ಮರ ಮರವೂ ಬಿಡಿಯಾಗಿ. ಸೇತುವೆ ಕಂಡಿತು, ಅದರ ಮೇಲೆ ದೀಪ ಹಚ್ಚಿಕೊಂಡೇ ಓಡುವ ಲಾರಿ. ಆಚೆ ದಡದ ಕಟ್ಟಡಗಳು ಕಂಡವು. ಅದರ ಹಿಂದೆ, ಆರು ವಾರಗಳ ಮೇಲೆ, ಬುಕಿಟ್ ಮೆರ್ತಾಜಮ್. ಅದರ ಬಲಕ್ಕೆ, ಇನ್ನೂ ದೂರದಲ್ಲಿ, ನಾನು ಗಮನಿಸಿಯೇ ಇರದಿದ್ದ ಒಂದು ನೀಲಿ ಗುಡ್ಡಸಾಲು, ನಮ್ಮ ಮನೆಯಂಗಳದಿಂದ ಕೊಡಚಾದ್ರಿಯ ಕಡೆ ನೋಡಿದಂತೆ. ಏಳು ದಾಟಿದ ಮೇಲೆ ಆ ಸಾಲಿನ ಅಂಚು ಕೆಂಪಾಗಿ, ಒಂದು ತಗ್ಗಿನಿಂದ ಸೂರ್ಯ ಹೊರಬಂತು.

ಅಪ್ಪಯ್ಯ ಬಾಯಿಗೆ ಕಟ್ಟಿದ ಬೈರಾಸು ಬಿಚ್ಚಿ ಮಡಿಲಲ್ಲಿಟ್ಟುಕೊಂಡರು. ಸ್ವಲ್ಪ ಹೊತ್ತು ನೋಡಿದರು.

'ಇಲ್ಲೂ ಗುಡ್ಡಿ ಮೇಲೇ ಹುಟ್ಟುದಾ?' ಎಂದರು.